‘ಇದೆ’ ಎಂಬ ಮಾತನ್ನು ಬಿಡಿಸಿ ನೋಡುವ ಬಗೆ

ದೇವರಿದ್ದಾನೆಯೇ, ಸಂಖ್ಯೆಗಳಿವೆಯೇ ಎಂಬ ವಾದಗಳು ಎಷ್ಟೋ ಸಲ ‘ಇದೆ’ ಅನ್ನುವ ಪದದಲ್ಲೇ ಸಿಕ್ಕಿಬೀಳುತ್ತವೆ. ವಾದಕ್ಕಿಳಿಯುವ ಮುಂಚೆ ವಾಕ್ಯವನ್ನು ಹಸನು ಮಾಡಿಕೊಳ್ಳಿ.

ಮೊದಲು ಜೊಳ್ಳು ತೂರಿ. ‘ಮಳೆ ಬರುತ್ತಿದೆ’ ಎಂಬಲ್ಲಿ ‘ಇದೆ’ ಬರೀ ಸಹಾಯಕ ಕ್ರಿಯಾಪದ. ‘ಸೀರೆ ಕೆಂಪಗಿದೆ’ ಎಂಬಲ್ಲಿ ಗುಣ ಹೇಳುತ್ತದೆ. ‘ಅವಳಿಗೆ ಜ್ವರ ಇದೆ’ ಎಂಬಲ್ಲಿ ಯಾರಿಗೆ ಎನ್ನುವುದೇ ಮುಖ್ಯ. ಇವು ಅಸ್ತಿತ್ವದ ಪ್ರಶ್ನೆಗಳಲ್ಲ, ಪಕ್ಕಕ್ಕಿಡಿ.

ಉಳಿದದ್ದನ್ನು ನಿಷೇಧಕ್ಕೆ ತಿರುಗಿಸಿ. ಇಲ್ಲಿ ಕನ್ನಡದವರಿಗೆ ದೊಡ್ಡ ಅನುಕೂಲ: ಇಂಗ್ಲಿಷಿನವರು ‘ನಾಟ್’ ಒಂದರಲ್ಲೇ ಸುಧಾರಿಸುವ ಕೆಲಸಕ್ಕೆ ನಮ್ಮಲ್ಲಿ ‘ಅಲ್ಲ’, ‘ಇಲ್ಲ’ ಎಂದು ಎರಡಿವೆ. ಕತ್ತಲಲ್ಲಿ ಬಿದ್ದ ಹಗ್ಗ ತೋರಿಸಿ ‘ಇದು ಹಾವಲ್ಲ’ ಎಂದರೆ ಒಂದು ಇನ್ನೊಂದಲ್ಲ ಎಂದಷ್ಟೇ. ಭಾರತದ ಹಳೆಯ ತರ್ಕಪಂಥದವರಾದ ನ್ಯಾಯ-ವೈಶೇಷಿಕರ ಅನ್ಯೋನ್ಯಾಭಾವ ಇದು. ‘ಇಲ್ಲಿ ಹಾವಿಲ್ಲ’ ಎಂದರೆ ಸಂಸರ್ಗಾಭಾವ, ಅಂದರೆ ಒಂದರಲ್ಲಿ ಇನ್ನೊಂದರ ನಂಟು ಇಲ್ಲದಿರುವುದು. ಅದರಲ್ಲೂ ಮೂರು ಬಗೆ. ಕುಂಬಾರ ಮಾಡುವ ಮುಂಚೆ ಮಡಕೆ ಇಲ್ಲದಿರುವುದು ಪ್ರಾಗಭಾವ, ಒಡೆದ ಮೇಲೆ ಇಲ್ಲವಾಗುವುದು ಪ್ರಧ್ವಂಸಾಭಾವ, ಗಾಳಿಗೆ ಎಂದೂ ಬಣ್ಣವಿಲ್ಲದಿರುವುದು ಅತ್ಯಂತಾಭಾವ. ಯಾವ ‘ಇಲ್ಲ’ ಎಂದು ಗುರುತಿಸದಿದ್ದರೆ, ಒಬ್ಬರು ಒಡೆದ ಮಡಕೆಯ ಮಾತಾಡುತ್ತಿದ್ದಾಗ ಇನ್ನೊಬ್ಬರು ಗಾಳಿಯ ಬಣ್ಣದ ಉತ್ತರ ಕೊಡುತ್ತಿರುತ್ತಾರೆ.

‘ಇಲ್ಲ’ ಬಂದಲ್ಲೆಲ್ಲ ಎರಡು ಪ್ರಶ್ನೆ ಕೇಳಿ: ಯಾವುದು ಇಲ್ಲ? ಎಲ್ಲಿ ಇಲ್ಲ? ಮೊದಲನೆಯದು ಪ್ರತಿಯೋಗಿ, ಎರಡನೆಯದು ಅಧಿಕರಣ. ‘ಮೊಲದ ಕೊಂಬು ಇಲ್ಲ’ ಎಂಬ ವಾಕ್ಯದಲ್ಲಿ ಅಧಿಕರಣವೇ ಕಾಣೆ. ಅದಕ್ಕೇ ‘ಇಲ್ಲದ್ದರ ಹೆಸರು ಹೇಳಿದಿರಲ್ಲ, ಹಾಗಾದರೆ ಅದು ಹೇಗೋ ಇರಬೇಕು’ ಎಂಬ ತಕರಾರು ಏಳುತ್ತದೆ. ‘ಮೊಲದ ತಲೆಯಲ್ಲಿ ಕೊಂಬಿಲ್ಲ’ ಎಂದು ತಿದ್ದಿ. ಮೊಲ ಕಂಡದ್ದೇ, ಕೊಂಬನ್ನು ಹಸುವಿನಲ್ಲಿ ಕಂಡಿದ್ದೇವೆ. ಇಲ್ಲದಿರುವುದು ಅವುಗಳ ನಂಟು ಮಾತ್ರ. ಫ್ರಾನ್ಸಿಗೆ ರಾಜನೇ ಇಲ್ಲದಿದ್ದಾಗ ‘ಫ್ರಾನ್ಸಿನ ಈಗಿನ ರಾಜ’ ಎಂಬ ಮಾತನ್ನು 1905ರಲ್ಲಿ ಬ್ರಿಟಿಷ್ ತತ್ವಜ್ಞಾನಿ ರಸೆಲ್ ಬಿಡಿಸಿದ ಉಪಾಯ ಬೇರೆಯಾದರೂ ಅದೂ ಒಡೆದು ನೋಡುವ ಜಾತಿಯದೇ.

ಅಸ್ತಿತ್ವವನ್ನು ಮಾತ್ರ ಗುಣಗಳ ಪಟ್ಟಿಗೆ ಸೇರಿಸಬೇಡಿ. ಮನಸ್ಸಿನಲ್ಲಿ ಎಣಿಸಿದ ನೂರು ನಾಣ್ಯಕ್ಕೂ ಜೇಬಿನ ನೂರಕ್ಕೂ ಎಣಿಕೆಯಲ್ಲಿ ಭೇದವಿಲ್ಲ ಎಂದು ಜರ್ಮನ್ ತತ್ವಜ್ಞಾನಿ ಕಾಂಟ್ 1781ರಲ್ಲೇ ತೋರಿಸಿದ. ಅಂಗಡಿಯಲ್ಲಿ ಭೇದ ತಿಳಿಯುತ್ತದೆ, ಅದು ಬೇರೆ ಮಾತು.

‘ಎಲ್ಲಿ’ ಎಂದು ಕೇಳುವಂತೆಯೇ ಇಲ್ಲದ ವಾಕ್ಯಗಳೂ ಸಿಗುತ್ತವೆ. ಆಗ ಆ ವಸ್ತುವಿನ ಹೆಸರೆತ್ತದೆ ಅದೇ ಸಂಗತಿಯನ್ನು ಹೇಳಲು ಬರುತ್ತದೆಯೇ ನೋಡಿ. ಅಮೆರಿಕದ ತತ್ವಜ್ಞಾನಿ ಕ್ವೈನ್ 1948ರಲ್ಲಿ ಹಾಕಿಕೊಟ್ಟ ದಾರಿಯಿದು. ‘ಸರಾಸರಿ ಮನೆಯಲ್ಲಿ 4.3 ಜನ ಇದ್ದಾರೆ’ ಎಂಬುದನ್ನು ‘10 ಮನೆಗೆ 43 ಜನ’ ಎಂದರಾಯಿತು, ಸರಾಸರಿ ಮನೆ ಎಂಬುದು ಮಾಯ. ‘ಕೋಟಿಗಿಂತ ದೊಡ್ಡ ಅವಿಭಾಜ್ಯ ಸಂಖ್ಯೆಗಳಿವೆ’ ಎಂಬುದು ಅಷ್ಟು ಸುಲಭಕ್ಕೆ ಬಗ್ಗದು. ಸಂಖ್ಯೆಗಳಿವೆ ಎಂದು ಒಪ್ಪಬೇಕು, ಇಲ್ಲವೇ ಆ ವಾಕ್ಯ ನಿಜವಲ್ಲ ಎನ್ನಬೇಕು. ಅಮೆರಿಕದ್ದೇ ಇನ್ನೊಬ್ಬ ತತ್ವಜ್ಞಾನಿ ಹಾರ್ಟ್ರಿ ಫೀಲ್ಡ್ ಹಿಡಿದದ್ದು ಎರಡನೆಯ ದಾರಿ. ಸಂಖ್ಯೆಗಳಿಲ್ಲ ಎಂದರೂ ವಿಜ್ಞಾನ ನಡೆಯುತ್ತದೆ ಎನ್ನಲು, ನ್ಯೂಟನ್ನನ ಗುರುತ್ವ ಸಿದ್ಧಾಂತವನ್ನು ಸಂಖ್ಯೆಗಳಿಲ್ಲದೆ ಹೇಳಿ ತೋರಿಸಲು ಆತ 1980ರಲ್ಲಿ ಒಂದು ಪುಸ್ತಕವನ್ನೇ ಬರೆಯಬೇಕಾಯಿತು.