ಹೆಚ್ಚುವರಿ ವಾರಂಟಿ: ಒಂದು ಕಾರಿಗೆ ಕೊಂಡೆ, ಇನ್ನೊಂದಕ್ಕೆ ಬಿಟ್ಟೆ

3 ವರ್ಷದ ವಾರಂಟಿ ಮುಗಿಯುವ ಮುನ್ನ, ಇನ್ನೆರಡು ವರ್ಷಕ್ಕೆ ಜಿಎಸ್‌ಟಿ ಸೇರಿ ಸುಮಾರು 30,000 ರೂಪಾಯಿ ಕಟ್ಟಿದಾಗ ನಮ್ಮ ಭಾವ, ‘ಹೊಳೆಯಲ್ಲಿ ಹುಣಸೆಹಣ್ಣು ತೊಳೆದೆಯಲ್ಲ’ ಎಂದಿದ್ದರು. ಕಳೆದ ಮಳೆಗಾಲದಲ್ಲಿ ಆ ಹಣ ನಾಲ್ಕೈದು ಪಟ್ಟಾಗಿ ಕೈಸೇರಿತು.

ಶೋರೂಮಿನವರ ಕರಪತ್ರವನ್ನು ನಾನು ಓದುತ್ತ ಕೂರಲಿಲ್ಲ. ನೇರ ಬಿಡಿಭಾಗಗಳ ಕೌಂಟರಿಗೆ ಹೋಗಿ ಬೆಲೆ ಕೇಳಿದೆ. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ಬುಷ್, ಟೈರುಗಳೆಲ್ಲ ಸವೆಯುವ ಸಾಮಾನು. ವಾರಂಟಿ ಅವನ್ನು ಮುಟ್ಟುವುದಿಲ್ಲ. ಉಳಿದವುಗಳಲ್ಲಿ ವಾರಂಟಿಯ ಬೆಲೆಯನ್ನೇ ಮೀರಿಸುವಂಥವು ಎಷ್ಟು? ನನ್ನದು ಡ್ಯುಯಲ್ ಕ್ಲಚ್ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್) ಟರ್ಬೊ ಪೆಟ್ರೋಲ್ ಕಾರು. ಗೇರ್‌ಬಾಕ್ಸ್ ನಿಯಂತ್ರಣ ಘಟಕವೊಂದೇ ಒಂದೂವರೆ ಲಕ್ಷದ ಆಸುಪಾಸು, ಟರ್ಬೊ 60-70 ಸಾವಿರ. ಅಪ್ಪನ ಮ್ಯಾನುಯಲ್ ವ್ಯಾಗನ್‌ಆರ್‌ನಲ್ಲಿ ಅಂಥ ಭಾರಿ ಬಾಬತ್ತು ಒಂದೆರಡೇ. ಅದಕ್ಕೆ ವಾರಂಟಿ ಬೇಡವೆಂದು ತಿಂಗಳಿಗೆ 500 ರೂಪಾಯಿಯಂತೆ ಅಂಚೆ ಕಚೇರಿಯಲ್ಲಿ ಆರ್‌.ಡಿ. ಮಾಡಿಸಿದೆ. ಆಲ್ಟರ್ನೇಟರ್ ರಿಪೇರಿಗೆ ಆರೇಳು ಸಾವಿರ ಹೋದದ್ದು ಬಿಟ್ಟರೆ ಆ ಗಂಟು ಹಾಗೇ ಇದೆ.

ಈ ನಡುವೆ ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಒಂದು ಓಬಿಡಿ ರೀಡರ್ ಕೊಂಡು ನನ್ನ ಕಾರಿನ ಕ್ಲಚ್ಚಿನ ತಾಪವನ್ನೂ ಗಮನಿಸಿದೆ. ಶಿರಾಡಿ ಘಾಟಿ ಏರುವಾಗ ಇದ್ದದ್ದಕ್ಕಿಂತ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ತೆವಳುವಾಗಲೇ ಅದು ಹೆಚ್ಚು. ತಾಪ ಏರಿದಷ್ಟೂ ಗೇರ್‌ಬಾಕ್ಸಿಗೆ ಪೆಟ್ಟು; ದಿನಾ ಅಂಥ ದಟ್ಟಣೆಯಲ್ಲಿ ಓಡಾಡುವವರು ಈ ಲೆಕ್ಕವನ್ನೂ ಸೇರಿಸಿಕೊಳ್ಳಬೇಕು.

ನಾಲ್ಕನೆಯ ವರ್ಷ, ಗೇರ್ 2ರಿಂದ 3ಕ್ಕೆ ಏರದೆ ಗಾಡಿ ನಿಂತಿತು. ಸರ್ವಿಸ್ ಅಡ್ವೈಸರ್ ಜಾಬ್ ಕಾರ್ಡಿನಲ್ಲಿ (ರಿಪೇರಿಯ ದಾಖಲೆ ಚೀಟಿ) ‘ಕ್ಲಚ್ ಸವೆತ’ ಎಂದು ಬರೆದು ಕ್ಲೇಮ್ ತಿರಸ್ಕರಿಸಿದರು. 70-80 ಸಾವಿರದ ಅಂದಾಜುಪಟ್ಟಿಯನ್ನೂ ಕೈಗಿಟ್ಟರು. ನಾನು ಸಹಿ ಹಾಕಲಿಲ್ಲ. ಸ್ಕ್ಯಾನರಿನ ದೋಷ ಸಂಕೇತದ ಪ್ರಿಂಟ್ ತೆಗೆದು ಜಾಬ್ ಕಾರ್ಡಿಗೆ ಲಗತ್ತಿಸಿ, ತಿರಸ್ಕಾರದ ಕಾರಣವನ್ನು ಇಮೇಲಿನಲ್ಲಿ ತಿಳಿಸಿ ಎಂದು ಹಟ ಹಿಡಿದೆ. ಸಂಕೇತ ಬೆರಳು ತೋರಿಸಿದ್ದು ನಿಯಂತ್ರಣ ಘಟಕದ ಕಡೆಗೆ. ಎರಡು ವಾರ ಗಾಡಿ ಅಲ್ಲೇ ಬಿದ್ದಿತ್ತು, ನನ್ನ ಆಟೊ ಖರ್ಚು ನಾಲ್ಕು ಸಾವಿರ ದಾಟಿತು. ಕೊನೆಗೆ ಹೊಸ ಘಟಕ ಉಚಿತವಾಗಿಯೇ ಬಂತು. ಪ್ರತಿ ಸರ್ವಿಸನ್ನೂ ಅವಧಿಯೊಳಗೇ ಅಧಿಕೃತ ಕೇಂದ್ರದಲ್ಲಿ ಮಾಡಿಸಿದ್ದ ಬಿಲ್ಲುಗಳು ನನ್ನಲ್ಲಿದ್ದವು. ಹೊರಗೆ ವೈರ್ ಕತ್ತರಿಸಿ ಹಾರ್ನ್, ಲೈಟು ಹಾಕಿಸಿದ್ದರೆ ಅದೇ ನೆಪವಾಗುತ್ತಿತ್ತು.

ಕೊಳ್ಳುವಾಗ ವಾರಂಟಿ ಪತ್ರದಲ್ಲಿ ಕಾರು ತಯಾರಕರದೇ ಹೆಸರಿದೆಯೇ, ಶೋರೂಮಿನವರು ಗಂಟುಹಾಕಿದ ಬೇರೆ ಸಂಸ್ಥೆಯದೇ ಎಂದು ನೋಡಿ. ಅದೇ ಪತ್ರಕ್ಕೆ ಊರಿಂದೂರಿಗೆ ದರ ಬೇರೆ. ನಾನು ಮೂರು ಕಡೆ ವಿಚಾರಿಸಿ ಮೂರ್ನಾಲ್ಕು ಸಾವಿರ ಇಳಿಸಿಕೊಂಡೆ. ಯಾವ ವಾರ, ಯಾರ ಬಳಿ ಕೇಳಬೇಕೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಆರನೆಯ ವರ್ಷಕ್ಕೂ ವಿಸ್ತರಿಸಿಕೊಳ್ಳಿ ಎಂದು ಕರೆ ಬರುತ್ತಿದೆ, ದರ ಬಹುತೇಕ ದುಪ್ಪಟ್ಟು. ಕೊಳ್ಳುವುದಿಲ್ಲ. ನನ್ನ ಪತ್ರ ಮುಂದಿನ ಮಾಲೀಕರಿಗೆ ವರ್ಗವಾಗುವಂಥದ್ದು; ಆರೇಳು ತಿಂಗಳು ಬಾಕಿ ಇರುವಾಗಲೇ ಗಾಡಿ ಮಾರುತ್ತೇನೆ.