ರೀಮ್ಯಾಪ್ ಮಾಡಿಸುವ ಮುಂಚೆ ಕ್ಲಚ್ಚನ್ನೊಮ್ಮೆ ಕೇಳಿ

ಚಾರ್ಮಾಡಿ ಘಾಟಿ ಹತ್ತುತ್ತಿದ್ದೆ, ಮೂರನೇ ಗೇರಿನಲ್ಲಿ. ತಿರುವು ಮುಗಿಸಿ ಆಕ್ಸಿಲರೇಟರ್ ಒತ್ತಿದರೆ ಆರ್‌ಪಿಎಂ ಮುಳ್ಳು ಸರ್ರಂತ ಮೇಲೆ ಹೋಯಿತು, ಕಾರು ಮಾತ್ರ ಇದ್ದ ವೇಗದಲ್ಲೇ ತೆವಳುತ್ತಿತ್ತು. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. ಪಿಕಪ್ ಹೆಚ್ಚಲಿ ಅಂತ ಇಂಜಿನ್ನಿನ ಕಂಪ್ಯೂಟರಿನಲ್ಲಿ ಅಂಕಿಗಳನ್ನು ತಿದ್ದಿಸುವುದಕ್ಕೆ ರೀಮ್ಯಾಪ್ ಅನ್ನುತ್ತಾರೆ, ಅದನ್ನು ಮಾಡಿಸಿ ಎರಡು ತಿಂಗಳೂ ಆಗಿರಲಿಲ್ಲ. ಇಂಜಿನ್‌ಗೆ ಏನೂ ಆಗಿಲ್ಲ, ಆದರೆ ಕ್ಲಚ್ ಮುಗಿದಿತ್ತು. ಟ್ಯೂನ್ ಮಾಡಿದವರು ‘ಇಂಜಿನ್‌ಗೆ ಏನೂ ಆಗಲ್ಲ ಸಾರ್’ ಅಂದಿದ್ದರು, ಅದು ಸುಳ್ಳಾಗಲಿಲ್ಲ ನೋಡಿ. ಕ್ಲಚ್ ಬಗ್ಗೆ ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಹಾಗಾಗಿ ಇದು ‘ಮಾಡಿಸಬೇಡಿ’ ಅನ್ನುವ ಲೇಖನ ಅಲ್ಲ. ಮಾಡಿಸಲೇಬೇಕು ಅಂತಿದ್ದರೆ ಯಾವ ಕ್ರಮದಲ್ಲಿ ಏನೇನು ನೋಡಿಕೊಳ್ಳಬೇಕು ಅನ್ನುವುದು.

ಮೊದಲು: ಒಳಗೆ ಬದಲಾಗುವುದು ಏನು

ಇಸಿಯು ಅಂದರೆ ಇಂಜಿನ್ನಿನ ಕಂಪ್ಯೂಟರ್. ಅದರೊಳಗೆ ಸಾವಿರಾರು ಅಂಕಿಗಳ ಕೋಷ್ಟಕಗಳಿರುತ್ತವೆ, ಅದಕ್ಕೇ ಮ್ಯಾಪ್ ಅನ್ನುವುದು. ಇಷ್ಟು ಆರ್‌ಪಿಎಂ, ಇಷ್ಟು ಆಕ್ಸಿಲರೇಟರ್ ಇದ್ದರೆ ಇಷ್ಟು ಇಂಧನ, ಇಷ್ಟು ಟರ್ಬೊ (ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಪು) ಒತ್ತಡ, ಪೆಟ್ರೋಲ್ ಆದರೆ ಇಷ್ಟು ಹೊತ್ತಿಗೆ ಸ್ಪಾರ್ಕ್. ರೀಮ್ಯಾಪ್ ಅಂದರೆ ಈ ಅಂಕಿಗಳನ್ನು ತಿದ್ದಿ ವಾಪಸ್ ತುಂಬುವುದು. ಜೊತೆಗೆ ‘ಇದಕ್ಕಿಂತ ಜಾಸ್ತಿ ಟಾರ್ಕ್ (ತಿರುಗಿಸುವ ಬಲ) ಕೊಡಬೇಡ’, ‘ಇದಕ್ಕಿಂತ ಜಾಸ್ತಿ ಹೊಗೆ ಬರಬಾರದು’ ಅನ್ನುವ ಮಿತಿಗಳೂ ಅಲ್ಲೇ ಇರುತ್ತವೆ. ಅವನ್ನೂ ಮೇಲೆತ್ತುತ್ತಾರೆ.

ಕಂಪನಿ ಆ ಮಿತಿ ಹಾಕಿದ್ದು ಜಿಪುಣತನಕ್ಕಲ್ಲ. ಕಲಬೆರಕೆ ಡೀಸೆಲ್, ಸರ್ವೀಸ್ ತಪ್ಪಿಸಿದ ಮಾಲೀಕ, ಏಪ್ರಿಲ್ ತಿಂಗಳ ರಾಯಚೂರಿನ ಬಿಸಿಲು, ಐದು ಜನ ತುಂಬಿಕೊಂಡು ಘಾಟಿ ಹತ್ತುವುದು, ಇವೆಲ್ಲ ಒಟ್ಟಿಗೆ ಬಂದರೂ ಗಾಡಿ ವಾರಂಟಿ ಮುಗಿಯುವತನಕ ಕೆಡಬಾರದು ಅಂತ ಸ್ವಲ್ಪ ಅಂತರ ಬಿಟ್ಟಿರುತ್ತಾರೆ. ಟ್ಯೂನರ್ ನಿಮಗೆ ಕೊಡುವ ಪಿಕಪ್ ಹೆಚ್ಚಿನಂಶ ಆ ಅಂತರದಿಂದಲೇ ತೆಗೆದದ್ದು.

ಟರ್ಬೊ ಇಲ್ಲದ ಪೆಟ್ರೋಲ್ ಕಾರು ನಿಮ್ಮದಾದರೆ ಇಲ್ಲಿಗೇ ನಿಲ್ಲಿಸಿ. ಒಳಗೆ ಹೋಗುವ ಗಾಳಿ ಅಷ್ಟೇ ಇರುತ್ತದೆ, ಸಿಗುವುದು ಅಲ್ಪಸ್ವಲ್ಪ, ಆ ದುಡ್ಡಿಗೆ ಒಳ್ಳೆ ಟೈರ್ ಹಾಕಿಸಿ.

ಎರಡನೆಯದು: ಗೇರ್‌ಬಾಕ್ಸ್ ಎಷ್ಟು ತಡೆಯುತ್ತದೆ?

ಎಲ್ಲರೂ ಹಾರ್ಸ್‌ಪವರ್ ಕೇಳುತ್ತಾರೆ. ನೀವು ಟಾರ್ಕ್ ಕೇಳಿ. ಕ್ಲಚ್ಚನ್ನೂ ಗೇರ್‌ಬಾಕ್ಸನ್ನೂ ತಿನ್ನುವುದು ಟಾರ್ಕ್.

ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಲ್ಲಿ ಬರುವ ಡಿಕ್ಯೂ200 ಅನ್ನುವ 7 ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ತಗೊಳ್ಳಿ. ಇದರ ಕ್ಲಚ್‌ಗಳು ಎಣ್ಣೆಯಲ್ಲಿ ಮುಳುಗಿರುವುದಿಲ್ಲ, ಡ್ರೈ ಕ್ಲಚ್. ತಯಾರಕರು ಹೇಳುವ ಟಾರ್ಕ್ ಮಿತಿ 250 ನ್ಯೂಟನ್ ಮೀಟರ್. ಹಳೆ ಪೋಲೊ ಜಿಟಿ ಟಿಎಸ್‌ಐ ಇಂಜಿನ್ ಕೊಡುತ್ತಿದ್ದದ್ದು 175, ಹಾಗಾಗಿ ಅದರಲ್ಲಿ ಏರಿಸಲು ಜಾಗ ಇತ್ತು. ಅದೇ ಗೇರ್‌ಬಾಕ್ಸಿಗೆ ಈಗಿನ 1.5 ಟಿಎಸ್‌ಐ ಇಂಜಿನ್ ಕೂಡಿಸಿದ್ದಾರೆ, ಅದು ಕಂಪನಿಯಿಂದ ಬರುವಾಗಲೇ 250 ಕೊಡುತ್ತದೆ. ಅಂದರೆ ಮಿತಿಯ ಗೆರೆ ಮೇಲೆ ನಿಂತಿದೆ. ಅದರ ಮೇಲೆ ಇನ್ನೂ 50 ಸೇರಿಸುತ್ತೇವೆ ಅಂದರೆ ಆ 50 ಎಲ್ಲಿಗೆ ಹೋಗುತ್ತದೆ ಅಂತ ಕೇಳಬೇಕಲ್ವಾ? ಮೇಲಾಗಿ ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಇಂಚಿಂಚು ತೆವಳುವಾಗ ಡ್ರೈ ಕ್ಲಚ್ ಮೊದಲೇ ಬಿಸಿಯಾಗಿರುತ್ತದೆ.

ಮ್ಯಾನುಯಲ್ ಗಾಡಿಯಾದರೆ ಬುಕಿಂಗ್ ಮಾಡುವ ಮುಂಚೆ ಒಂದು ಸುಲಭ ಪರೀಕ್ಷೆ. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರ್, ಸುಮಾರು 1,800 ಆರ್‌ಪಿಎಂ, ಒಮ್ಮೆಲೇ ಪೂರ್ತಿ ಆಕ್ಸಿಲರೇಟರ್. ವೇಗ ಏರದೆ ಮುಳ್ಳು ಮಾತ್ರ ಏರಿದರೆ ಕ್ಲಚ್ ಈಗಲೇ ಜಾರುತ್ತಿದೆ, ರೀಮ್ಯಾಪ್ ಆದ ಮೇಲೆ ಉಳಿಯುವುದಿಲ್ಲ. ನಾನು ಇದನ್ನು ಕಲಿತದ್ದು ಹೊಸ ಕ್ಲಚ್ ಬಿಲ್ ಕಟ್ಟಿದ ಮೇಲೆ.

ಮೂರನೆಯದು: ಪೆಟ್ರೋಲ್ ಮತ್ತು ಗಾಳಿ

ತುಂಬಾ ಮ್ಯಾಪ್ ಫೈಲ್‌ಗಳು ಯುರೋಪಿನಿಂದ ಬರುತ್ತವೆ. ಅಲ್ಲಿ ಸಾಮಾನ್ಯ ಪೆಟ್ರೋಲ್ 95 ಆಕ್ಟೇನ್ (ತಾನಾಗಿ ಸಿಡಿಯದೆ ಎಷ್ಟು ತಡೆಯುತ್ತದೆ ಅನ್ನುವ ಅಳತೆ). ನಮ್ಮಲ್ಲಿ ತುಂಬಾ ವರ್ಷ 91 ಇತ್ತು. ಆಕ್ಟೇನ್ ಕಮ್ಮಿ ಇದ್ದು ಸ್ಪಾರ್ಕ್ ಬೇಗ ಕೊಟ್ಟರೆ ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುತ್ತದೆ, ಅದೇ ನಾಕಿಂಗ್. ನಾಕ್ ಸೆನ್ಸರ್ ಅದನ್ನು ಕೇಳಿಸಿಕೊಂಡು ಸ್ಪಾರ್ಕ್ ಹಿಂದಕ್ಕೆ ತಳ್ಳುತ್ತದೆ, ಆದರೆ ಎಷ್ಟು ಅಂತ ತಳ್ಳೀತು? ಜೋರಾದ ನಾಕಿಂಗ್ ಪಿಸ್ಟನ್ ಒಡೆಯಬಲ್ಲದು.

ಇನ್ನು ಇ20, ಅಂದರೆ ಶೇ 20 ಎಥೆನಾಲ್ ಇರುವ ಪೆಟ್ರೋಲ್. ಅದು ಅಷ್ಟೇ ಗಾಳಿಗೆ ಸುಮಾರು ಶೇ 7ರಷ್ಟು ಜಾಸ್ತಿ ಬೇಕು. ಇಂಜೆಕ್ಟರ್‌ಗಳನ್ನು ತುತ್ತತುದಿಯತನಕ ದುಡಿಸುವ ಮ್ಯಾಪಿನಲ್ಲಿ ಆ ಶೇ 7 ಎಲ್ಲಿಂದ ತರುವುದು? ಹಾಗಾಗಿ ‘ಈ ಫೈಲ್ ಯಾವ ಪೆಟ್ರೋಲಿಗೆ ಬರೆದದ್ದು?’ ಅಂತ ಕೇಳಿ. ‘ಎಲ್ಲದಕ್ಕೂ ಆಗುತ್ತೆ ಸಾರ್’ ಅಂದರೆ ಎದ್ದು ಬನ್ನಿ.

ಗಾಳಿ ವಿಷಯ ಯಾರೂ ಹೇಳುವುದೇ ಇಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಮಂಗಳೂರಿಗೆ ಹೋಲಿಸಿದರೆ ಇಲ್ಲಿ ಗಾಳಿಯ ಒತ್ತಡ ಸುಮಾರು ಶೇ 10 ಕಮ್ಮಿ. ಅಷ್ಟೇ ಗಾಳಿ ತುಂಬಲು ಟರ್ಬೊ ಜಾಸ್ತಿ ತಿರುಗಬೇಕು. ಕಂಪನಿ ಮ್ಯಾಪ್ ಎತ್ತರ ನೋಡಿಕೊಂಡು ಟರ್ಬೊ ಒತ್ತಡ ಇಳಿಸುತ್ತದೆ. ಆ ಕೋಷ್ಟಕ ಮುಟ್ಟಿ ಕೆಡಿಸಿದವರ ಕಾರು ಮಂಗಳೂರಿನಲ್ಲಿ ಚೆನ್ನಾಗಿಯೇ ಓಡುತ್ತದೆ, ಊಟಿಗೆ ಹತ್ತುವಾಗ ಟರ್ಬೊ ಕೂಗುತ್ತದೆ.

ಫೈಲ್ ತುಂಬುವ ದಿನ

ಅಲ್ಲೇ ನಿಂತಿರಿ, ಟೀ ಕುಡಿಯೋಕೆ ಹೋಗಬೇಡಿ. ಕಾರಿನ ಬ್ಯಾಟರಿಗೆ ಹೊರಗಿನಿಂದ ವೋಲ್ಟೇಜ್ ಹಿಡಿದಿಡುವ ಸಪ್ಲೈ ಹಾಕಿದ್ದಾರಾ ನೋಡಿ. ಬರೆಯುತ್ತಿರುವಾಗ ಅರ್ಧದಲ್ಲಿ ವೋಲ್ಟೇಜ್ ಬಿದ್ದರೆ ಇಸಿಯು ಸತ್ತ ಹಾಗೆ, ಕಾರು ಸ್ಟಾರ್ಟೇ ಆಗುವುದಿಲ್ಲ. ಕೆಲವನ್ನು ಬಿಚ್ಚಿ ಟೇಬಲ್ ಮೇಲಿಟ್ಟು ಬದುಕಿಸಬಹುದು. ಆಗದಿದ್ದರೆ ಹೊಸ ಇಸಿಯು ಬೇಕು, ಕಳ್ಳತನ ತಡೆಯುವ ಕೀಲಿಯ ಇಮ್ಮೊಬಿಲೈಸರ್ ಜೊತೆ ಮತ್ತೆ ಹೊಂದಿಸಬೇಕು, ಟೋ ಗಾಡಿ ಖರ್ಚು ಬೇರೆ.

ನಿಮ್ಮ ಕಾರಿನಿಂದಲೇ ಓದಿದ ಮೂಲ ಫೈಲನ್ನು ಪೆನ್‌ಡ್ರೈವಿನಲ್ಲಿ ಕೇಳಿ ತಗೊಳ್ಳಿ. ಕೊಡದವರ ಹತ್ತಿರ ಮಾಡಿಸಬೇಡಿ.

ಡೀಸೆಲ್ ಗಾಡಿಯಲ್ಲಿ ‘ಡಿಪಿಎಫ್, ಇಜಿಆರ್ ಎರಡೂ ಆಫ್ ಮಾಡಿಬಿಡ್ಲಾ? ಇನ್ನೂ ಪಿಕಪ್ ಬರುತ್ತೆ’ ಅಂತ ಕೇಳುತ್ತಾರೆ. ಬೇಡ ಅನ್ನಿ. ಹೊಗೆ ಕಮ್ಮಿ ಮಾಡಲೆಂದೇ ಇರುವ ಭಾಗಗಳು ಅವು, ತೆಗೆಸುವುದು ಕಾನೂನಿಗೆ ವಿರುದ್ಧ, ನಿಮ್ಮ ಹಿಂದೆ ಸ್ಕೂಟರಿನಲ್ಲಿ ಬರುವವರ ಮೂಗಿಗೂ. ಬರೀ ಸಾಫ್ಟ್‌ವೇರಿನಿಂದ ಎಷ್ಟು ಹೊಗೆ ಬಚ್ಚಿಡಬಹುದು ಅಂತ 2015ರಲ್ಲಿ ಫೋಕ್ಸ್‌ವ್ಯಾಗನ್ ಹಗರಣ ಜಗತ್ತಿಗೇ ತೋರಿಸಿತಲ್ಲ.

ಕಾಗದಪತ್ರ

‘ಸರ್ವೀಸಿಗೆ ಹೋಗುವ ಮುಂಚೆ ವಾಪಸ್ ಸ್ಟಾಕ್ (ಕಂಪನಿಯ ಮೂಲ ಮ್ಯಾಪ್) ಮಾಡಿಕೊಡ್ತೀವಿ, ಗೊತ್ತಾಗಲ್ಲ’ ಅನ್ನುವ ಮಾತು ನಂಬಬೇಡಿ. ಎಷ್ಟು ಸಲ ಫೈಲ್ ಬರೆದಿದ್ದಾರೆ ಅಂತ ಎಷ್ಟೋ ಇಸಿಯುಗಳು ಲೆಕ್ಕ ಇಟ್ಟುಕೊಳ್ಳುತ್ತವೆ. ಫೋಕ್ಸ್‌ವ್ಯಾಗನ್ ಬಳಗದಲ್ಲಿ ಬದಲಾವಣೆ ಸಿಕ್ಕಿದರೆ ಕಾರಿನ ದಾಖಲೆಗೆ ಟಿಡಿ1 ಅನ್ನುವ ಗುರುತು ಬೀಳುತ್ತದೆ, ಆಮೇಲೆ ಇಂಜಿನ್, ಗೇರ್‌ಬಾಕ್ಸ್ ವಾರಂಟಿ ಮರೆತುಬಿಡಿ.

ಕಾನೂನು ಇನ್ನೂ ಬಿಗಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರ ಮತ್ತು ಆರ್‌ಸಿ ವಿವರ ಬೇರೆಯಾಗುವಂತೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್, ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅನ್ನುತ್ತದೆ. ರಸ್ತೆಯಲ್ಲಿ ನಿಲ್ಲಿಸಿ ಇಸಿಯು ಓದುವ ಪೊಲೀಸರನ್ನು ನಾನಂತೂ ನೋಡಿಲ್ಲ. ನನಗೆ ಹೆದರಿಕೆ ಇರುವುದು ಇನ್ಶೂರೆನ್ಸ್ ವಿಷಯದಲ್ಲಿ. ಹೇಳದೆ ಮಾಡಿಸಿದ ಬದಲಾವಣೆ ಅಪಘಾತದ ಕ್ಲೇಮ್ ಹೊತ್ತಿಗೆ ಹೊರಬಂದರೆ ದೊಡ್ಡ ಮೊತ್ತವೇ ಕೈತಪ್ಪಬಹುದು. ಮಾಡಿಸುವ ಮುಂಚೆ ಇನ್ಶೂರೆನ್ಸ್ ಕಂಪನಿಗೆ ಲಿಖಿತವಾಗಿ ತಿಳಿಸಿ ಉತ್ತರ ತಗೊಳ್ಳಿ. ಬರುವ ಉತ್ತರ ನೋಡಿಯೇ ಅರ್ಧ ಜನ ಸುಮ್ಮನಾಗುತ್ತಾರೆ.

ಮಾಡಿಸಿದ ಮೇಲೆ

ಮೊದಲ ವಾರ ಊರೊಳಗೇ ಓಡಿಸಿ, ದೂರ ಹೋಗಬೇಡಿ. ಆಯಿಲ್ ಬೇಗ ಬದಲಾಯಿಸಿ. ಘಾಟಿ ಹತ್ತಿ ಬಂದ ಕೂಡಲೇ ಇಂಜಿನ್ ಆಫ್ ಮಾಡದೆ ಒಂದೆರಡು ನಿಮಿಷ ಹಾಗೇ ಬಿಡಿ, ಟರ್ಬೊ ತಣಿಯಲಿ. ಕಪ್ಪು ಹೊಗೆ, ಲೋಹ ಕುಟ್ಟಿದಂಥ ಸದ್ದು, ಇಂಜಿನ್ ಲೈಟ್, ಇದರಲ್ಲಿ ಯಾವುದು ಕಂಡರೂ ಆಕ್ಸಿಲರೇಟರ್ ಬಿಟ್ಟು ಪಕ್ಕಕ್ಕೆ ಹಾಕಿ, ಆ ಪೆನ್‌ಡ್ರೈವ್ ಹುಡುಕಿ.

ನನ್ನ ಕಾರಿಗೆ ಈಗ ಹೊಸ ಕ್ಲಚ್ ಇದೆ, ಹಳೆ ಮ್ಯಾಪ್ ಇದೆ. ಮೂರನೇ ಗೇರಿನಲ್ಲಿ ಸ್ವಲ್ಪ ನಿಧಾನ. ಚಾರ್ಮಾಡಿಯಲ್ಲಿ ಎರಡಕ್ಕೆ ಇಳಿಸಿಕೊಂಡು ಹತ್ತುತ್ತೇನೆ.