ಗಂಜಿ ತೆಳ್ಳಗಾಗಿದ್ದು ಕಲಬೆರಕೆಯಿಂದಲ್ಲ

ಮೂರು ವರ್ಷದ ಹಿಂದೆ ಒಬ್ಬ ರಿಟೈರ್ಡ್ ಮೇಷ್ಟ್ರು ನಮ್ಮ ಗಿರಣಿಗೆ ಬಂದು ರಾಗಿ ಮಾಲ್ಟ್, ಅಂದರೆ ಮೊಳಕೆ ಹಿಟ್ಟಿನ ಪ್ಯಾಕೆಟ್ಟನ್ನು ತಕ್ಕಡಿ ಪಕ್ಕ ಇಟ್ಟರು. "ಏನಪ್ಪಾ, ಎಷ್ಟು ಹಾಕಿದ್ರೂ ಗಂಜಿ ಗಟ್ಟಿನೇ ಆಗವಲ್ದು. ಏನು ಬೆರೆಸೀಯ ಇದಕ್ಕೆ?" ಅಂದರು. ಖಾರದಪುಡಿ ಬೀಸಿಸಲು ಬಂದಿದ್ದ ನಾಲ್ಕು ಜನ ನನ್ನ ಮುಖ ನೋಡಿದರು. ಅವಮಾನ ಆಗಬೇಕಿತ್ತು. ನನಗೆ ಒಳಗೊಳಗೇ ಖುಷಿ ಆಯಿತು. ಎರಡು ವರ್ಷದಿಂದ ನಾನು ದುಡ್ಡು ಸುರಿದು ಒದ್ದಾಡುತ್ತಿದ್ದದ್ದೇ ಗಂಜಿ ಗಟ್ಟಿಯಾಗದ ಹಾಗೆ ಮಾಡೋಕೆ.

ನಮ್ಮದು ಚಿತ್ರದುರ್ಗದಲ್ಲಿ ಅಪ್ಪನ ಕಾಲದ ಹಿಟ್ಟಿನ ಗಿರಣಿ. ಪ್ಯಾಕೆಟ್ ಹಿಟ್ಟು ಬಂದ ಮೇಲೆ ಜನ ಕಾಳು ಹೊತ್ತು ತರುವುದು ಕಮ್ಮಿ ಆಯಿತು. ಹೊಸದುರ್ಗದ ಕಡೆಯಿಂದ ರಾಗಿ ಬರುತ್ತೆ, ಮಷೀನು ಸುಮ್ನೆ ನಿಂತಿದೆ, ಮಾಲ್ಟ್ ಮಾಡೋಣ ಅಂತ ಇಳಿದೆ. ನೆನೆಸೋದು, ಬಟ್ಟೆಯಲ್ಲಿ ಕಟ್ಟೋದು, ಒಣಗಿಸೋದು ನಿಮಗೆಲ್ಲ ಗೊತ್ತಿರುವುದೇ. ನಾನೂ ಎಲ್ಲರ ಹಾಗೆ ಒಂದು ದಿನ ಮೊಳಕೆ ಕಟ್ಟಿ, ಘಮ್ ಅನ್ನುವ ತನಕ ಹುರಿದು ಬೀಸುತ್ತಿದ್ದೆ. ವ್ಯಾಪಾರವೂ ಆಗುತ್ತಿತ್ತು.

ಕೆಣಕಿದ್ದು ನನ್ನ ನಾದಿನಿ. ಅವಳ ಮಗುವಿಗೆ ಆಗ ಎಂಟು ತಿಂಗಳು. "ಭಾವ, ನಿಮ್ಮ ಹಿಟ್ಟು ಒಂದು ಲೋಟಕ್ಕೆ ಎರಡು ಚಮಚ ಹಾಕಿದ್ರೆ ಅಂಟಾಗುತ್ತೆ. ಮಗು ಉಗುಳುತ್ತೆ. ತೆಳ್ಳಗೆ ಮಾಡಿದ್ರೆ ಅದರ ಹೊಟ್ಟೆಗೆ ಬರೀ ನೀರು ಹೋಗುತ್ತೆ. ಮೊಳಕೆ ಕಟ್ಟಿ ಏನು ಬಂತು ಹಾಗಾದ್ರೆ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮೊಳಕೆ ಕಟ್ಟದ ರಾಗಿಯ ಗಂಜಿಗೂ ನನ್ನ ಮಾಲ್ಟ್ ಗಂಜಿಗೂ ದಪ್ಪದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ.

ಕೇಳಿ, ಓದಿ, ಕೆಡಿಸಿ ನನಗೆ ಅರ್ಥವಾದದ್ದು ಇಷ್ಟು. ಕಾಳು ಮೊಳೆಯುವಾಗ ತನ್ನೊಳಗಿನ ಪಿಷ್ಟವನ್ನು ತಾನೇ ತಿನ್ನಬೇಕು. ಅದಕ್ಕೆ ಅಮೈಲೇಸ್ ಅನ್ನೋ ಕಿಣ್ವ ತಯಾರು ಮಾಡಿಕೊಳ್ಳುತ್ತೆ. ಪಿಷ್ಟ ಅಂದರೆ ಗ್ಲೂಕೋಸ್ ಮಣಿಗಳ ಉದ್ದನೆ ಸರ. ಬಿಸಿ ನೀರಲ್ಲಿ ಈ ಸರಗಳು ನೀರು ಕುಡಿದು ಉಬ್ಬುತ್ತವೆ, ಗಂಜಿ ಗಟ್ಟಿಯಾಗುತ್ತೆ. ಅಮೈಲೇಸ್ ಸರವನ್ನು ನಡುನಡುವೆ ಕತ್ತರಿಸುತ್ತೆ, ತುಂಡಾದ ಸರ ನೀರು ಹಿಡಿಯಲ್ಲ, ಗಂಜಿ ತೆಳ್ಳಗಾಗುತ್ತೆ. ಹಿಟ್ಟು ಎಲ್ಲೂ ಹೋಗಿರಲ್ಲ, ಅಲ್ಲೇ ಇರುತ್ತೆ. ನಮ್ಮ ಜೊಲ್ಲಿನಲ್ಲಿರುವುದೂ ಇದೇ ಜಾತಿಯ ಕಿಣ್ವ. ದಾವಣಗೆರೆ ಮಂಡಕ್ಕಿಯನ್ನು ಒಂದು ಹಿಡಿ ಬಾಯಿಗೆ ಹಾಕಿಕೊಂಡು ನುಂಗದೆ ಅಗಿಯುತ್ತಾ ಇರಿ, ಸ್ವಲ್ಪ ಹೊತ್ತಿಗೆ ಸಿಹಿ ಬರುತ್ತೆ. (ಮಿರ್ಚಿ ಪಕ್ಕಕ್ಕಿಡಿ, ಇಲ್ಲಾಂದ್ರೆ ಏನೂ ಗೊತ್ತಾಗಲ್ಲ.)

ಆದರೆ ಕಿಣ್ವ ಅನ್ನೋದು ಪ್ರೋಟೀನು. ಜಾಸ್ತಿ ಬಿಸಿ ತಗುಲಿದರೆ ಕೆಟ್ಟು ಹೋಗುತ್ತೆ. ನಾನು ರಾಗಿಯನ್ನು ಕೂಸಿನ ಹಾಗೆ ಸಾಕಿ, ಕೊನೆಗೆ ಬಾಣಲೆಯಲ್ಲಿ ಹಾಕಿ ಕೊಲ್ಲುತ್ತಿದ್ದೆ. ಉಳಿಯುತ್ತಿದ್ದದ್ದು ಘಮ ಮಾತ್ರ.

ಸರಿ, ಹುರಿಯೋದು ಬಿಟ್ಟೆ. ಮೊದಲ ಹೊಡೆತ ಅಲ್ಲೇ ಬಿತ್ತು. ಹುರಿಯದ ಹಿಟ್ಟಿಗೆ ಹಸಿ ವಾಸನೆ. ನಲವತ್ತೋ ಐವತ್ತೋ ಪ್ಯಾಕೆಟ್ ವಾಪಸ್ ಬಂದವು. ಇಷ್ಟಾಗಿಯೂ ಗಂಜಿ ಅರೆಬರೆ ತೆಳ್ಳಗಾಯಿತೇ ಹೊರತು ನಾನು ಅಂದುಕೊಂಡಷ್ಟು ಆಗಲಿಲ್ಲ. ಕಾರಣ, ಒಂದು ದಿನದ ಮೊಳಕೆ ಸಾಲದು. ಬಿಳಿ ಮೂತಿ ಕಂಡ ಕೂಡಲೇ ನಾವು ಒಣಗಿಸಿಬಿಡ್ತೀವಿ, ಕಿಣ್ವ ಏರುವುದು ಆಮೇಲೆ. ನಾನೀಗ ಎರಡೂವರೆಯಿಂದ ಮೂರು ದಿನ ಬಿಡುತ್ತೇನೆ. ಬೇರು ಕೂದಲಿನ ಹಾಗೆ ಹೆಣೆದುಕೊಳ್ಳುತ್ತೆ. ಇದನ್ನು ನೋಡಿದ ನಮ್ಮಣ್ಣ "ಇದು ಮಾಲ್ಟ್ ಅಲ್ಲೋ, ಸಸಿಮಡಿ. ಗೊಬ್ಬರ ಬೇರೆ ಹಾಕ್ತೀಯೇನು?" ಅಂದ. ಪಕ್ಕದ ಬೀದಿ ಗಿರಣಿಯವನಂತೂ ಬಂದವರಿಗೆಲ್ಲ ಹೇಳಿ ನಕ್ಕ. ತೂಕವೂ ಹೋಗುತ್ತೆ, ಸುಳ್ಳಲ್ಲ. ಬೇರು ಉಜ್ಜಿ ಕೇರಿದ ಮೇಲೆ 100 ಕೆಜಿಗೆ 80 ಚಿಲ್ಲರೆ ಸಿಕ್ಕರೆ ಪುಣ್ಯ.

ಆಮೇಲೆ ಮಳೆಗಾಲ. ಬೇಸಿಗೆಯಲ್ಲಿ ನಮ್ಮೂರ ಗಾಳಿಗೆ ಎರಡನೇ ಮಾತಿಲ್ಲ. ಜೋಗಿಮಟ್ಟಿ ಮೇಲೆ ಗಾಳಿಯಂತ ನಿಲ್ಲಿಸಿದ್ದಾರೆ ಅಂದ ಮೇಲೆ ಕೇಳಬೇಕಾ, ಮಹಡಿ ಮೇಲೆ ನೆರಳಲ್ಲಿ ಹರಡಿದರೆ ಮೊಳಕೆ ಬೇಗ ಒಣಗುತ್ತೆ. ಆದರೆ ಆ ವರ್ಷ ಜಡಿಮಳೆ ಹಿಡಿದು ನಾಲ್ಕು ದಿನ ಬಿಡಲಿಲ್ಲ. 60 ಕೆಜಿ ಮೊಳಕೆಗೆ ಬೂಷ್ಟು. "ಹುರಿದು ಬೀಸಿಬಿಡು, ಯಾರಿಗೆ ಗೊತ್ತಾಗುತ್ತೆ?" ಅಂತ ಹೇಳಿದವರೂ ಇದ್ದರು. ಬೂಷ್ಟಿನ ವಿಷ ಹುರಿದರೂ ಪೂರ್ತಿ ಹೋಗಲ್ಲ. ಮಗುವಿನ ಬಾಯಿಗೆ ಹೋಗೋ ಪದಾರ್ಥ ಬೇರೆ. ಎತ್ತಿ ತಿಪ್ಪೆಗೆ ಸುರಿದೆ. ರಾಗಿ, ಆಳು ಎಲ್ಲ ಸೇರಿ ಮೂರು ಸಾವಿರದ ಹತ್ತಿರ ಹೋಯಿತು.

ಆ ಸಿಟ್ಟಲ್ಲೇ ಸಾಲ ಮಾಡಿ ಟ್ರೇ ಡ್ರೈಯರ್ ತಂದೆ, 85 ಸಾವಿರ. ಎರಡನೇ ತಿಂಗಳೇ ಅದರ ಥರ್ಮೋಸ್ಟಾಟ್ ಅಂಟಿಕೊಂಡಿತು. 50 ಡಿಗ್ರಿಗೆ ಇಟ್ಟಿದ್ದು ರಾತ್ರಿ ಎಷ್ಟೊತ್ತಿಗೋ 90 ದಾಟಿದೆ. ಬೆಳಿಗ್ಗೆ ಬಾಗಿಲು ತೆಗೆದರೆ ಮಾಲ್ಟ್ ಬಂಗಾರದ ಬಣ್ಣ, ಊರಿಗೆಲ್ಲ ಘಮ. ಕಿಣ್ವ ಮಾತ್ರ ಸತ್ತು ಹೋಗಿತ್ತು. ಅದನ್ನು ಮಾಮೂಲಿ ಮಾಲ್ಟ್ ಅಂತಲೇ ಮಾರಿದೆ, ಜನ ಹೊಗಳಿ ಕೊಂಡು ಹೋದರು! ಅವತ್ತಿನಿಂದ ಟ್ರೇ ಮಧ್ಯೆ ಬೇರೆ ಥರ್ಮಾಮೀಟರ್ ಒಂದು ಚುಚ್ಚಿಟ್ಟಿದ್ದೇನೆ.

ನನ್ನ ಪರೀಕ್ಷೆಗೆ ಲ್ಯಾಬ್ ಬೇಡ. ಮಾಮೂಲಿ ರಾಗಿ ಹಿಟ್ಟಿನ ಗಂಜಿಯನ್ನು ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿ ಕಾಯಿಸಿ ಎರಡು ಸ್ಟೀಲ್ ಲೋಟಕ್ಕೆ ಹಾಕುತ್ತೇನೆ. ಸ್ವಲ್ಪ ಆರಲಿ. ಬೆರಳು ಅದ್ದಿದರೆ ಒಂದು, ಎರಡು ಎಣಿಸುವಷ್ಟರಲ್ಲಿ ಎಳೆದುಕೊಳ್ಳಬೇಕು, ಸುಮಾರು 65 ಡಿಗ್ರಿ ಇರುತ್ತೆ. ಒಂದು ಲೋಟಕ್ಕೆ ಚಿಟಿಕೆ ಮಾಲ್ಟ್ ಹಾಕಿ ತಿರುಗಿಸಿ ಬಿಡುತ್ತೇನೆ. ಎರಡು ನಿಮಿಷಕ್ಕೆ ಅಂಚಿನಲ್ಲಿ ನೀರು ಒಸರಿದ ಹಾಗೆ ಹೊಳೆಯುತ್ತೆ. ಆಮೇಲೆ ಚಮಚ ನಿಧಾನ ವಾಲುತ್ತೆ. ಐದಾರು ನಿಮಿಷಕ್ಕೆ ಟಣ್ ಅಂತ ಲೋಟದ ಅಂಚಿಗೆ ಬೀಳುತ್ತೆ. ಪಕ್ಕದ ಲೋಟದ ಚಮಚ ಗರುಡಗಂಬದ ಹಾಗೆ ನಿಂತೇ ಇರುತ್ತೆ. ಮೇಷ್ಟ್ರಿಗೆ ತೋರಿಸಿದ್ದೂ ಇದನ್ನೇ. ಅವರು ಎರಡೂ ಲೋಟ ಮೂಸಿ, ಚಪ್ಪರಿಸಿ, "ಇದು ಸಿಹಿ ಐತಲ್ಲೋ" ಅಂದರು. ಸಕ್ಕರೆ ಹಾಕಿಲ್ಲ ಅಂದರೂ ನಂಬಲಿಲ್ಲ. ಆದರೆ ಪ್ಯಾಕೆಟ್ ವಾಪಸ್ ತಗೊಂಡು ಹೋದರು. ಚಮಚ ಹತ್ತು ನಿಮಿಷಕ್ಕೂ ಬೀಳದಿದ್ದರೆ ಆ ಲಾಟನ್ನು ನಾನು ಪ್ಯಾಕ್ ಮಾಡಲ್ಲ.

ಘಮದ ಸಮಸ್ಯೆ ಬಿಡಿಸಿದ್ದು ನಮ್ಮನೆಯವಳು, ಒಪ್ಪಿಕೊಳ್ಳಬೇಕು. "ಘಮಕ್ಕೆ ಬೇರೆ ಹಿಟ್ಟು, ತೆಳ್ಳಗೆ ಮಾಡೋಕೆ ಬೇರೆ ಹಿಟ್ಟು. ಎರಡನ್ನೂ ಒಂದರಲ್ಲೇ ಯಾಕೆ ಹುಡುಕ್ತೀರಿ?" ಅಂದಳು. ಈಗ ದೊಡ್ಡ ಪ್ಯಾಕೆಟ್ಟಿನಲ್ಲಿ ರಾಗಿ, ಅಕ್ಕಿ, ಹೆಸರುಬೇಳೆ, ಎಲ್ಲಾ ಚೆನ್ನಾಗಿ ಹುರಿದದ್ದು. ಅದರೊಳಗೆ ಒಂದು ಚಿಕ್ಕ ಪೊಟ್ಟಣ, ಹುರಿಯದ ಮಾಲ್ಟು. ದೊಡ್ಡ ಹಿಟ್ಟಿನ ಗಂಜಿ ಕಾಯಿಸಿ, ಇಳಿಸಿ, ಆರಿಸಿ, ಹತ್ತು ಚಮಚ ಹಿಟ್ಟಿಗೆ ಅರ್ಧ ಚಮಚ ಮಾಲ್ಟ್ ಹಾಕಿ ಹತ್ತು ನಿಮಿಷ ಬಿಡಬೇಕು. ಆಮೇಲೆ ಮತ್ತೊಮ್ಮೆ ಚೆನ್ನಾಗಿ ಕುದಿಸಬೇಕು. ಇದು ತಪ್ಪಬಾರದು, ಮೊಳಕೆಯಲ್ಲಿ ಏನೇನು ಕ್ರಿಮಿ ಇರುತ್ತೋ. ಕುದಿಯುವ ಗಂಜಿಗೇ ಮಾಲ್ಟ್ ಸುರಿದು "ಏನೂ ಆಗಲಿಲ್ಲ" ಅಂತ ಫೋನ್ ಮಾಡುವವರು ವಾರಕ್ಕೆ ಇಬ್ಬರಾದರೂ ಇದ್ದಾರೆ. ಹೀಗೆ ಮಾಡಿದರೆ ಅದೇ ದಪ್ಪಕ್ಕೆ ಹೆಚ್ಚುಕಮ್ಮಿ ಎರಡರಷ್ಟು ಹಿಟ್ಟು ಹಿಡಿಸುತ್ತೆ. ನಾದಿನಿಯ ಮಗು ಬಟ್ಟಲು ಖಾಲಿ ಮಾಡತೊಡಗಿತು. ಎರಡನೇ ದಿನದ ಮೊಳಕೆಗೆ ನೀರು ಹೇಗೆ ಚಿಮುಕಿಸುತ್ತೇನೆ, ಡ್ರೈಯರಿಗೆ ಮುಂಚೆ ಏನು ಮಾಡುತ್ತೇನೆ ಅನ್ನೋದು ಮಾತ್ರ ಕೇಳಬೇಡಿ. ಅದರಲ್ಲೇ ನನ್ನ ಅನ್ನ ಇದೆ.

ಹುಚ್ಚು ಹಿಡಿದ ಮೇಲೆ ಬಿಡುತ್ತಾ? ಮೆಡಿಕಲ್ ಶಾಪಿನಲ್ಲಿ ಅಜೀರ್ಣಕ್ಕೆ ಕೊಡುವ ಸಿರಪ್ಪಿನ ಬಾಟಲಿ ಮೇಲೆ 'ಡಯಾಸ್ಟೇಸ್' ಅಂತ ಬರೆದಿದ್ದು ಕಂಡಿತು. ಅದೂ ಇದೇ ಕತ್ತರಿ, ಬೂಷ್ಟಿನಿಂದ ತೆಗೆದದ್ದು. ಉಗುರುಬೆಚ್ಚಗಿನ ಗಂಜಿಗೆ ಒಂದು ಮುಚ್ಚಳ ಹಾಕಿದೆ, ಚಮಚ ಬಿತ್ತು! ಆ ಹೆಸರಿನ ಹಿಂದೆ ಒಂದು ಕಥೆ ಇದೆ. 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋಜ್ ಅನ್ನೋ ಇಬ್ಬರು ಮೊಳಕೆ ಬಾರ್ಲಿಯಿಂದ ಬೇರ್ಪಡಿಸಿ ಹೆಸರಿಟ್ಟದ್ದು ಡಯಾಸ್ಟೇಸ್. ಹೀಗೆ ಬೇರ್ಪಡಿಸಿದ ಮೊದಲನೇ ಕಿಣ್ವವೇ ಅದು. ಅಂದರೆ ಕಿಣ್ವದ ಕಥೆ ನಮ್ಮ ಮೊಳಕೆ ಕಟ್ಟುವ ಕಸುಬಿನಿಂದಲೇ ಶುರು.

ಇನ್ನೊಂದು ದಿನ ತಂಗಳು ಮುದ್ದೆ ಉಳಿದಿತ್ತು. ಫ್ರಿಜ್ಜಿನಲ್ಲಿಟ್ಟು ಮಾರನೇ ದಿನ ಅದನ್ನು ಉಗುರುಬೆಚ್ಚಗಿನ ನೀರಲ್ಲಿ ಕಿವುಚಿ ಮಾಲ್ಟ್ ಹಾಕಿದೆ. ಪಕ್ಕದಲ್ಲಿ ಆಗತಾನೇ ಮಾಡಿದ ಮುದ್ದೆಗೂ ಅದೇ ನೀರು, ಅದೇ ಮಾಲ್ಟ್. ಹೊಸದು ಕಾಲು ಗಂಟೆಗೆ ಪಾನಕವಾಯಿತು. ತಂಗಳದ್ದು ಒಂದು ಗಂಟೆ ಆದರೂ ತಳದಲ್ಲಿ ಮರಳು ಮರಳಾಗಿ ಕೂತಿತ್ತು. ಗಾಯಕ್ಕೆ ಹಚ್ಚುವ ಅಯೋಡಿನ್ ಎರಡು ಹನಿ ಬಿಟ್ಟೆ. ಹೊಸದರಲ್ಲಿ ಕೆಂಪು ಮಿಶ್ರಿತ ಕಂದು, ತಂಗಳಿನ ತಳದಲ್ಲಿ ಕಡು ನೀಲಿ. ನೀಲಿ ಅಂದರೆ ಸರ ತುಂಡಾಗಿಲ್ಲ. ಬೆಂದಾಗ ಬಿಚ್ಚಿಕೊಂಡ ಸರಗಳು ತಣ್ಣಗಾದಾಗ ಮತ್ತೆ ಒಂದಕ್ಕೊಂದು ಅಂಟಿ ಕಟ್ಟು ಕಟ್ಟಿಕೊಳ್ಳುತ್ತವೆ, ಕತ್ತರಿಗೆ ಬಾಯಿ ಹಾಕೋಕೆ ಜಾಗ ಸಿಗಲ್ಲ. ಹಸಿ ಹಿಟ್ಟಿನದೂ ಹೆಚ್ಚುಕಮ್ಮಿ ಅದೇ ಕಥೆ. ತಣ್ಣೀರಲ್ಲಿ ಕಲಸಿ ಮಾಲ್ಟ್ ಹಾಕಿದರೆ ಸಾಯಂಕಾಲದ ತನಕ ಹಾಗೇ ಕೂತಿರುತ್ತೆ. ಬಾಳೆಕಾಯಿಯ ಪಿಷ್ಟ ಹಸಿಯಾಗಿದ್ದಾಗ ಅರಗದಿರುವುದಕ್ಕೂ ಇದೇ ಕಾರಣ. ಸಣ್ಣ ಕರುಳಿನಲ್ಲಿ ಅರಗದ ಇಂಥ ಪಿಷ್ಟ ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಸೂಕ್ಷ್ಮಜೀವಿಗಳಿಗೆ ಊಟವಾಗುತ್ತೆ.

ಇದನ್ನು ಕೇಳಿದ ಕೂಡಲೇ ನಮ್ಮ ಭಾವನವರು, ಅಕ್ಕನ ಗಂಡ, ಹದಿನೈದು ವರ್ಷದ ಶುಗರ್ ಗಿರಾಕಿ, "ಹಾಗಾದ್ರೆ ನಾನು ತಂಗಳನ್ನ ಎಷ್ಟು ಬೇಕಾದ್ರೂ ತಿನ್ನಬಹುದು" ಅಂತ ಕುಣಿದರು. ನಿಲ್ಲಿ ಭಾವ ಅಂದೆ. ಇಂಡೋನೇಷ್ಯಾದಲ್ಲಿ ಅನ್ನ ಅಳೆದು ನೋಡಿದ್ದಾರೆ. ಬಿಸಿ ಅನ್ನದಲ್ಲಿ ನೂರು ಗ್ರಾಮಿಗೆ ಅರಗದ ಪಿಷ್ಟ 0.64 ಗ್ರಾಂ, ಒಂದು ದಿನ ಫ್ರಿಜ್ಜಿನಲ್ಲಿಟ್ಟು ಬಿಸಿ ಮಾಡಿದ್ದರಲ್ಲಿ 1.65. ಒಂದು ಗ್ರಾಂ ಜಾಸ್ತಿ, ಅಷ್ಟೇ. ಆದರೂ ಅವರ ಶುಗರ್ ಮೀಟರಿನಲ್ಲಿ ಮೂರು ಸಲ ನೋಡಿದೆವು. ಊಟವಾಗಿ ಒಂದು ಗಂಟೆಗೆ ಬಿಸಿ ಅನ್ನಕ್ಕೆ 220ರ ಆಸುಪಾಸು, ಫ್ರಿಜ್ಜಿನ ಅನ್ನಕ್ಕೆ 195ರ ಹತ್ತಿರ. ಒಂದು ಸಲ ಎರಡೂ ಒಂದೇ ಬಂತು. ಮೂರು ಸಲದ ಲೆಕ್ಕ ಲೆಕ್ಕವಲ್ಲ, ಗೊತ್ತು. ಹೊರಗಿಟ್ಟ ಅನ್ನವಂತೂ ಬೇಡ, ಹೊಟ್ಟೆ ಕೆಡುತ್ತೆ.

ನನ್ನ ನಿದ್ದೆ ಕೆಡಿಸಿದ್ದು ನಾಲ್ಕನೇ ಸಲದ್ದು. ನನ್ನದೇ ತೆಳ್ಳನೆ ಗಂಜಿ ಒಂದು ಬಟ್ಟಲು ಕುಡಿದರು, 270 ದಾಟಿತು. ಆಶ್ಚರ್ಯ ಏನಿಲ್ಲ, ಅರ್ಧ ಅರಗಿಸುವ ಕೆಲಸ ಲೋಟದಲ್ಲೇ ಮುಗಿದಿದೆ, ಅದೂ ಎರಡರಷ್ಟು ಹಿಟ್ಟಿನದು. ರಾಗಿ ಅಂದರೆ ಶುಗರಿಗೆ ಒಳ್ಳೇದು ಅಂತ ಕಣ್ಣು ಮುಚ್ಚಿ ಕೊಳ್ಳುವ ಜನ ಇದ್ದಾರೆ. ಅವತ್ತೇ ಪ್ರೆಸ್ಸಿಗೆ ಹೋಗಿ ಲೇಬಲ್ಲಿನ ಮೇಲೆ 'ಶುಗರ್ ಇದ್ದವರಿಗಲ್ಲ' ಅಂತ ದಪ್ಪಕ್ಷರದಲ್ಲಿ ಹಾಕಿಸಿದೆ. "ಬರೋ ಗಿರಾಕಿನೂ ಓಡಿಸ್ತೀಯಲ್ಲೋ" ಅಂತ ಅಣ್ಣ ಬೈದ. ಮೂರು ತಿಂಗಳು ವ್ಯಾಪಾರ ಬಿದ್ದಿದ್ದೂ ನಿಜ.

ಈಗ ತಿಂಗಳಿಗೆ 400 ಪ್ಯಾಕೆಟ್ ಆಸುಪಾಸು ಹೋಗುತ್ತೆ, ಅರ್ಧ ಕೆಜಿಗೆ 130 ರೂಪಾಯಿ. ಖರ್ಚು ಕಳೆದು ಪ್ಯಾಕೆಟ್ಟಿಗೆ 35 ಉಳಿದರೆ ಹೆಚ್ಚು. ನಕ್ಕಿದ್ದ ಪಕ್ಕದ ಬೀದಿ ಗಿರಣಿಯವನು ಹೋದ ತಿಂಗಳು 20 ಕೆಜಿ ರಾಗಿ ಕಳಿಸಿದ್ದ, "ನಿಮ್ಮ ತರ ಮೊಳಕೆ ಕಟ್ಟಿಕೊಡಿ" ಅಂತ. ಕೆಜಿಗೆ 25 ರೂಪಾಯಿ ಕೂಲಿ ಅಂದೆ, ಜಾಸ್ತಿ ಆಯ್ತು ಅಂದ. ಡ್ರೈಯರಿನ ಕಂತು ಇನ್ನೂ ಹದಿನಾಲ್ಕು ಬಾಕಿ ಇದೆ, ಒಂದು ರೂಪಾಯಿನೂ ಇಳಿಸಲಿಲ್ಲ.